ಊರು ರಂಗ ಹತ್ತುವಾಗ ಕೇರಿಯ ಮಾತು ಏನಾಗುತ್ತೆ?

ಸಣ್ಣ ಊರಿನ ಕತೆಯನ್ನು ನಾಟಕ ಮಾಡುವುದು ಸುಲಭ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕತೆಯಲ್ಲಿ ಹೇಗೂ ಮಾತುಕತೆ ಇರುತ್ತದೆ. ಅದನ್ನು ಎತ್ತಿ ಒಂದರ ಕೆಳಗೊಂದು ಬರೆದು, ನಡುನಡುವೆ ಎರಡು ಜನಪದ ಗೀತೆ ಸೇರಿಸಿ, ಹಿಂದೆ ಗುಡಿಸಲಿನ ಸೀನರಿ ಕಟ್ಟಿದರೆ ಆಯ್ತು ಅಂತ. ಹೀಗೆ ಹುಟ್ಟಿದ ನಾಟಕಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಅವುಗಳಲ್ಲಿ ಬಾವಿ ಇರುತ್ತದೆ, ಅರಳಿಕಟ್ಟೆ ಇರುತ್ತದೆ, ತಲೆಗೆ ಟವೆಲ್ ಸುತ್ತಿದ ಗೌಡ ಇರುತ್ತಾನೆ. ಆ ಬಾವಿಯಲ್ಲಿ ಯಾರು ನೀರು ಸೇದುವಂತಿಲ್ಲ, ಆ ಕಟ್ಟೆ ಮೇಲೆ ಯಾರು ಕೂರುವಂತಿಲ್ಲ ಅನ್ನೋದು ಮಾತ್ರ ಇರುವುದಿಲ್ಲ. ಪುಸ್ತಕದಲ್ಲಿ ಅದು ಇತ್ತು. ಪುಸ್ತಕದಿಂದ ರಂಗಕ್ಕೆ ಬರುವ ದಾರಿಯಲ್ಲಿ ಅದು ಎಲ್ಲಿ ಬಿದ್ದುಹೋಯಿತು? ನಾವು ಇಲ್ಲಿ ಕೇಳಬೇಕೆಂದಿರುವುದು ಇದನ್ನೇ.

ಈಗಲೇ ಕೇಳುವುದಕ್ಕೆ ಕಾರಣವಿದೆ. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಎಂಬ ಹೆಸರಿನಲ್ಲಿ ಬಂದು, 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಬಂಡಾಯ ಚಳವಳಿಯ ಒಳಗೇ ಬೆಳೆದ, ಲಂಕೇಶ್ ಪತ್ರಿಕೆಗೆ ವರದಿ ಬರೆದ, ವಕೀಲಿ ಮಾಡಿದ ಒಬ್ಬ ಹೆಣ್ಣುಮಗಳು ತನ್ನ ಊರಿನ ಬೀದಿ, ಮಸೀದಿ, ಅಡುಗೆಮನೆಗಳನ್ನು ಕುರಿತು ಬರೆದದ್ದು ಲಂಡನ್ನಿನವರೆಗೆ ಹೋಗಿಬಂತು. ಇವನ್ನು ನಾಟಕ ಮಾಡೋಣ ಅನ್ನುವ ಉಮೇದು ನಮ್ಮ ಕಡೆಯ ಹುಡುಗರಲ್ಲಿ, ಮೇಷ್ಟ್ರುಗಳಲ್ಲಿ ಹುಟ್ಟುವುದು ಸಹಜ. ಒಳ್ಳೇದೇ. ಆದರೆ ಹಾಸನ ಪೇಟೆಯ ಮಗ್ಗುಲಿಗಿರುವ ಬೂವನಹಳ್ಳಿಯಂಥ ಊರಿನಲ್ಲಿ ಇಂಥ ಕತೆ ಆಡಿದರೆ, ನೋಡುವ ಜನ ಆ ಪೇಟೆಗೇ ಸಂತೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗಿಬರುವವರು. ವಿಮಾನ ನಿಲ್ದಾಣಕ್ಕೆಂದು ಸುತ್ತಲ ಜಮೀನು ಹೋದದ್ದನ್ನು ಕಣ್ಣಾರೆ ಕಂಡವರು. ಕತೆಯ ಊರು ಅವರಿಗೆ ಗೊತ್ತಿರುವ ಊರೇ. ಅವರ ಮುಂದೆ ಸುಳ್ಳು ಊರು ಕಟ್ಟಿದರೆ ನಾಟಕ ಮುಗಿಯುವ ಮುಂಚೆಯೇ ಎದ್ದು ಹೋಗುತ್ತಾರೆ. ಇಲ್ಲವೇ ಕೂತು ನಗುತ್ತಾರೆ. ಎದ್ದು ಹೋಗುವುದಕ್ಕಿಂತ ಆ ನಗುವೇ ಹೆಚ್ಚು ಅಪಾಯದ್ದು. ಯಾಕೆ ಅಂತ ಮುಂದೆ ಹೇಳುತ್ತೇವೆ.

ಒಂದು

ಕತೆಯಲ್ಲಿ ಪಾತ್ರಗಳ ಜೊತೆಗೆ ಇನ್ನೊಬ್ಬ ಇರುತ್ತಾನೆ, ಕತೆ ಹೇಳುವವನು. ನಾಟಕ ಮಾಡುವವರು ಮೊದಲು ಕೈಬಿಡುವುದು ಅವನನ್ನೇ. 'ಅವನು ಹೇಳೋದನ್ನೆಲ್ಲ ನಟರು ಮಾಡಿ ತೋರಿಸ್ತಾರಲ್ಲ, ಅವನು ಯಾಕೆ ಬೇಕು?' ಅಂತ ಕೇಳುತ್ತಾರೆ. ಆದರೆ ಕತೆ ಹೇಳುವವನು ಬರೀ ನಡೆದದ್ದನ್ನು ವರದಿ ಮಾಡುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳದ್ದನ್ನು ಅವನು ಬಲ್ಲ. ಗೌಡ ಚಾವಡಿಯಲ್ಲಿ ಕೂತು 'ಬಾರೋ, ಕೂತ್ಕೋ' ಅಂದಾಗ ಆಳುಮಗ ಎಲ್ಲಿ ಕೂರುತ್ತಾನೆ ಅನ್ನೋದನ್ನು ಗೌಡನೂ ಹೇಳುವುದಿಲ್ಲ, ಆಳೂ ಹೇಳುವುದಿಲ್ಲ. ಕತೆ ಹೇಳುವವನು ಹೇಳುತ್ತಾನೆ. ಜಾತಿ ಅನ್ನುವುದು ನಮ್ಮ ಊರುಗಳಲ್ಲಿ ಬಹುಪಾಲು ಮಾತಿಲ್ಲದೆ ನಡೆಯುವ ಆಡಳಿತ. ಮಾತನ್ನಷ್ಟೇ ಎತ್ತಿ ರಂಗದ ಮೇಲೆ ಇಟ್ಟರೆ ಜಾತಿ ಪುಸ್ತಕದಲ್ಲೇ ಉಳಿದುಬಿಡುತ್ತದೆ.

ಎರಡನೆಯದು, ಕತೆ ಹೇಳುವವನು ಪಾತ್ರಗಳ ಮಾತಿಗೆ ಕಾವಲು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾ, ಸಿಕ್ಕಿದವರನ್ನೆಲ್ಲ ವಿಚಾರಿಸುತ್ತಾ, ಬೈಯುತ್ತಾ ತಿರುಗುತ್ತಾಳೆ. ಅವಳ ಮಾತು ಮೈಸೂರು ಸೀಮೆಯ ತೆಂಕಣ ಭಾಗದ ಕೇರಿಯ ಮಾತು. ಪುಟದ ಮೇಲೆ ಓದುವಾಗ ಆ ಮಾತಿನ ಪಕ್ಕದಲ್ಲೇ ಲೇಖಕ ನಿಂತಿರುತ್ತಾನೆ. ಅವಳನ್ನು ಅವ್ವನನ್ನು ನೋಡುವ ಹಾಗೆ ನೋಡುತ್ತಿರುತ್ತಾನೆ, ನಾವೂ ಹಾಗೇ ನೋಡುತ್ತೇವೆ. ಅದೇ ಮಾತನ್ನು ರಂಗದ ಮೇಲೆ ಒಬ್ಬಂಟಿಯಾಗಿ ಬಿಟ್ಟರೆ ಏನಾಗುತ್ತದೆ? ಎದುರಿಗೆ ಕೂತ ಪೇಟೆಯ ಪ್ರೇಕ್ಷಕನಿಗೆ ಆ ಉಚ್ಚಾರವೇ ಒಂದು ತಮಾಷೆ. 'ಹ' ಬಿದ್ದುಹೋಯ್ತು, 'ಒತ್ತಕ್ಷರ' ಬಿದ್ದುಹೋಯ್ತು ಅಂತ ಕಿಸಕ್ಕನೆ ನಗುತ್ತಾನೆ. ಮನೆಯಲ್ಲಿ ಹಸಿವಿದೆ ಅನ್ನುವುದು ಅವನ ಕಿವಿಗೆ ಬೀಳುವ ಮುಂಚೆ ಉಚ್ಚಾರ ಬಿದ್ದಿರುತ್ತದೆ.

ಇದು ನಾವು ಕಲ್ಪಿಸಿಕೊಂಡ ಭಯವಲ್ಲ. ಕಂಪನಿ ನಾಟಕದಿಂದ ಹಿಡಿದು ಸಿನಿಮಾದವರೆಗೆ ಕನ್ನಡದ ನಗೆಪಾತ್ರಗಳ ಬಾಯನ್ನು ನೋಡಿ. ಸಾಬರ ಪಾತ್ರ ಬಂತೆಂದರೆ 'ನಮ್ದುಕೆ, ನಿಮ್ದುಕೆ'. ಆಳುಮಗ ಬಂದನೆಂದರೆ 'ಬುದ್ದೀ, ಅಡ್ಬಿದ್ದೆ'. ಲಂಬಾಣಿ ಹೆಂಗಸು ಬಂದರೆ ಒಂದು ಕುಣಿತ. ನಾಯಕ ಮಾತ್ರ ಪುಸ್ತಕದ ಕನ್ನಡ ಆಡುತ್ತಾನೆ. ಹುಟ್ಟಿದ್ದು ಹಳ್ಳಿಯಲ್ಲೇ, ಬೆಳೆದದ್ದು ಹಳ್ಳಿಯಲ್ಲೇ, ಆದರೂ ಅವನ ನಾಲಿಗೆಗೆ ಹಳ್ಳಿ ತಾಗಿಲ್ಲ! ಯಾರ ಕನ್ನಡ ಅಳುವುದಕ್ಕೆ, ಯಾರ ಕನ್ನಡ ನಗುವುದಕ್ಕೆ ಅನ್ನುವ ಹಂಚಿಕೆ ರಂಗಭೂಮಿಯಲ್ಲಿ ಬಹಳ ಹಿಂದೆಯೇ ಆಗಿಹೋಗಿದೆ. ಈ ಹಂಚಿಕೆಯನ್ನು ಮುರಿಯದೆ ಊರಿನ ಕತೆಯನ್ನು ರಂಗಕ್ಕೆ ತರುವವನು, ಅವನ ಉದ್ದೇಶ ಎಷ್ಟೇ ಕ್ರಾಂತಿಕಾರಿಯಾಗಿರಲಿ, ಕೇರಿಯನ್ನು ನಗೆಪಾಟಲು ಮಾಡಿಯೇ ಮನೆಗೆ ಹೋಗುತ್ತಾನೆ.

ಎರಡು

ಆಡುಮಾತನ್ನು ನಗೆಗೆ ಗುರಿಮಾಡುವ ಈ ಕೆಲಸ ನಮ್ಮ ನಾಡಿನಲ್ಲಷ್ಟೇ ಆದದ್ದಲ್ಲ. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯ ಕಡೆ ಸ್ವಲ್ಪ ನೋಡೋಣ. ಅಲ್ಲಿಯೂ ಸಣ್ಣ ಊರುಗಳ ಕತೆ ದಂಡಿಯಾಗಿ ಬಂದಿದೆ, ಅದು ರಂಗಕ್ಕೂ ಬಂದಿದೆ. ಅಲ್ಲಿ ನಡೆದದ್ದು ನಮ್ಮ ಕೆಲಸಕ್ಕೆ ಬರುತ್ತದೆ.

ಆಫ್ರಿಕಾನ್ಸ್ ಅಂದರೆ ವರ್ಣಭೇದ ಸರ್ಕಾರದ ಭಾಷೆ ಅಂತ ನಮಗೆ ಗೊತ್ತು. 1976ರ ಜೂನ್ 16ರಂದು ಸೊವೆಟೊದಲ್ಲಿ ಕಪ್ಪುಜನರ ಶಾಲೆಯ ಮಕ್ಕಳು ಬೀದಿಗೆ ಇಳಿದದ್ದು ಈ ಭಾಷೆಯನ್ನು ಪಾಠದ ಮಾಧ್ಯಮವಾಗಿ ಹೇರಿದ್ದರ ವಿರುದ್ಧವೇ. ಪೊಲೀಸರು ಮಕ್ಕಳ ಮೇಲೆ ಗುಂಡು ಹಾರಿಸಿದರು. ಆದರೆ ಆ ಭಾಷೆ ಬಿಳಿಯರ ಮನೆಯಲ್ಲಿ ಮಾತ್ರ ಹುಟ್ಟಿದ್ದಲ್ಲ. ಕೇಪ್ ಪ್ರಾಂತ್ಯದ ಅಡುಗೆಮನೆಗಳಲ್ಲಿ, ತೋಟಗಳಲ್ಲಿ ಗುಲಾಮರು, ಕೊಯಿ ಜನ, ಡಚ್ಚರು ಒಬ್ಬರಿಗೊಬ್ಬರು ಆಡಿ ಆಡಿ ಬೆಳೆದದ್ದು. ಆ ಗುಲಾಮರಲ್ಲಿ ನಮ್ಮ ಇಂಡಿಯಾದ ಕರಾವಳಿಗಳಿಂದ ಹಡಗಿಗೆ ತುಂಬಿಸಿ ಒಯ್ದವರೂ ಇದ್ದರು. ಆ ಭಾಷೆಯ ಬಹಳ ಹಳೆಯ ಬರಹಗಳಲ್ಲಿ ಕೆಲವು ಅರಬ್ಬಿ ಲಿಪಿಯಲ್ಲಿವೆ. ಕೇಪ್‌ಟೌನಿನ ಮುಸ್ಲಿಮರು ಮದರಸಾದಲ್ಲಿ ಧರ್ಮಪಾಠಕ್ಕೆಂದು ಬರೆದುಕೊಂಡವು ಅವು. ಆಮೇಲೆ ಬಿಳಿಯರು ಅದನ್ನು 'ತೊಳೆದು', ವ್ಯಾಕರಣ ಬರೆದು, 1925ರಲ್ಲಿ ರಾಜಭಾಷೆ ಮಾಡಿ, ತಮ್ಮ ಸ್ವತ್ತು ಅಂತ ಬೇಲಿ ಹಾಕಿಕೊಂಡರು. ಅದನ್ನು ಹುಟ್ಟಿಸಿದವರ ಮಕ್ಕಳು ಆಡುವ ಆಫ್ರಿಕಾನ್ಸ್ ಮಾತ್ರ ಕೆಟ್ಟ ಭಾಷೆ, ಬೀದಿ ಭಾಷೆ, ಜೋಕಿನ ಭಾಷೆ ಆಯಿತು. ಇದನ್ನು ಓದುವಾಗ ನಮಗೆ 1973 ನೆನಪಾಗದೆ ಇರುತ್ತದೆಯೇ? ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂತ ಬಿ. ಬಸವಲಿಂಗಪ್ಪನವರು ಹೇಳಿದಾಗ ಎದ್ದ ಗಲಾಟೆ, ಭಾಷೆ ಯಾರ ಸ್ವತ್ತು ಅನ್ನುವ ಗಲಾಟೆಯೇ ಆಗಿತ್ತು.

ಆಡಂ ಸ್ಮಾಲ್ ಅನ್ನುವ ಕವಿ, ನಾಟಕಕಾರ ಹುಟ್ಟಿದ್ದು 1936ರಲ್ಲಿ, ಅಲ್ಲಿನ ಸರ್ಕಾರ 'ಬಣ್ಣದವರು' ಅಂತ ಹಣೆಪಟ್ಟಿ ಹಚ್ಚಿದ ಜನರ ನಡುವೆ. 1965ರಲ್ಲಿ ಅವರ ನಾಟಕ ಬಂತು; ಕಾನ ಎಂಬ ಹುಡುಗ ಮನೆಗೆ ಬರುತ್ತಾನೆ ಅನ್ನುವ ಅರ್ಥದ ಹೆಸರು. ಹಳ್ಳಿಗಾಡಿನಿಂದ ಕೇಪ್‌ಟೌನಿಗೆ ಬಂದು ಬಿದ್ದ ಒಂದು ಬಡ ಸಂಸಾರ. ಮಕೀಟ್ ಎಂಬ ತಾಯಿ. ಅವಳು ಸಾಕಿದ ಬುದ್ಧಿವಂತ ಹುಡುಗ ಕಾನ ಓದಿಗೆಂದು ಪರದೇಶಕ್ಕೆ ಹೋಗುತ್ತಾನೆ, ಅವಳು ಸತ್ತಾಗ ಹಿಂತಿರುಗುತ್ತಾನೆ. ನಮ್ಮ ಹಾಸ್ಟೆಲ್ ಹುಡುಗರಿಗೆ ಈ ಕತೆಯನ್ನು ವಿವರಿಸಿ ಹೇಳಬೇಕಿಲ್ಲ. ನಾಟಕದ ಜನ ಆಡುವುದು ಬೀದಿಯ ಆಫ್ರಿಕಾನ್ಸ್. ಬಿಳಿಯರು ಜೋಕು ಮಾಡುತ್ತಿದ್ದ ಅದೇ ಮಾತಿನಲ್ಲಿ ಸ್ಮಾಲ್ ತಾಯಿಯ ಸಾವನ್ನು ಬರೆದರು. ಅವರದೇ ಜನರಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ನಮ್ಮ ಹರಕು ಮಾತನ್ನು ಯಾಕೆ ತೋರಿಸ್ತೀರಿ ಅಂತ. ಕೇರಿಯ ಮಾತನ್ನು ಬರೆದಾಗ ನಮ್ಮ ಓದಿದ ಹುಡುಗರೂ ಹೀಗೇ ಮುಜುಗರಪಡುವುದುಂಟು. ಸ್ಮಾಲ್ ಮಾತನ್ನು ಬದಲಿಸಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 1978ರಲ್ಲಿ ಎಲ್ಸಾ ಜುಬೇರ್ ಎಂಬ ಬಿಳಿಯ ಲೇಖಕಿ ಆಫ್ರಿಕಾನ್ಸ್‌ನಲ್ಲಿ ಬರೆದ ಕಾದಂಬರಿ ಪಾಪಿ ನೊಂಗೆನಾಳ ಅಲೆದಾಟದ ಕತೆ. ಒಬ್ಬ ಕಪ್ಪು ಮನೆಗೆಲಸದ ಹೆಂಗಸು ಹೇಳಿದ ತನ್ನ ಬಾಳಿನ ಮೇಲೆ ಕಟ್ಟಿದ್ದು. ಪಾಪಿ ಹುಟ್ಟುವುದು ಅಪಿಂಗ್ಟನ್ ಎಂಬ ಸಣ್ಣ ಪೇಟೆಯಲ್ಲಿ. ಲಾಂಬರ್ಟ್ಸ್ ಬೇ ಎಂಬ ಮೀನಿನ ಊರಿನಲ್ಲಿ ಮೀನು ಕಾರ್ಖಾನೆಯ ದುಡಿಮೆ. ಆಮೇಲೆ ಕೇಪ್‌ಟೌನ್. ಅಲ್ಲಿಂದ ಪಾಸ್ ಕಾನೂನಿನ ಹೆಸರಲ್ಲಿ, ಅವಳು ಯಾವತ್ತೂ ತನ್ನ ಊರು ಅಂತ ಕಾಣದ ಊರಿಗೆ ಅಟ್ಟುತ್ತಾರೆ. ಪಾಸ್ ಅಂದರೆ ಕಪ್ಪುಜನ ಸದಾ ಕೈಯಲ್ಲಿ ಹಿಡಿದಿರಬೇಕಾದ ಚೀಟಿ. ಎಲ್ಲಿ ಇರಬಹುದು, ಎಷ್ಟು ದಿನ ಇರಬಹುದು ಅನ್ನುವುದು ಅದರ ಮೇಲಿನ ಠಸ್ಸೆಯ ಮೇಲೆ ನಿಂತಿತ್ತು. ಆ ಕಾನೂನು ರದ್ದಾದದ್ದು 1986ರಲ್ಲಿ.

ಇಲ್ಲಿ ಒಂದು ತೊಡಕಿದೆ ನೋಡಿ. ಬಾಳು ಕಪ್ಪು ಹೆಂಗಸಿನದು, ಬರೆದ ಕೈ ಬಿಳಿ ಹೆಂಗಸಿನದು, ಭಾಷೆ ಆಳುವವರದು. ಪುಸ್ತಕದ ಒಳಗೆ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ. ಅದು ಸ್ವಲ್ಪವಾದರೂ ಸಡಿಲವಾದದ್ದು ರಂಗದ ಮೇಲೆ. ಜುಬೇರ್ ಮತ್ತು ಸಾಂಡ್ರಾ ಕಾಟ್ಸೆ ಸೇರಿ ಅದನ್ನು ನಾಟಕ ಮಾಡಿದರು. ಹಾಡುಗಳ ಹೊಣೆ ಹೊತ್ತದ್ದು ಸೋಫಿ ಮ್ಗ್ಸಿನಾ ಎಂಬ ಕಪ್ಪು ಹಾಡುಗಾರ್ತಿ, ನಟಿ. ಹಾಡು ಬಂದ ಕೂಡಲೇ ಪಾಪಿ ಒಬ್ಬಳೇ ಅಲ್ಲವಾದಳು. ಅವಳ ಹಿಂದೆ ಅವಳ ಜನ ನಿಂತರು. 1980ರ ದಶಕದ ಮೊದಲಲ್ಲೇ ನ್ಯೂಯಾರ್ಕ್, ಲಂಡನ್‌ಗಳಲ್ಲಿ ಈ ನಾಟಕ ಆಡಿತು. ಯಾರು ಹಾಡಿದರೋ ಅವರು ಕತೆಯ ಒಡೆತನದಲ್ಲಿ ಒಂದು ಪಾಲು ಹಿಂದಕ್ಕೆ ಪಡೆದರು ಅಂತ ನಾವು ಇದನ್ನು ಓದಿಕೊಳ್ಳುತ್ತೇವೆ. ರಂಗಕ್ಕೆ ತರುವುದು ಅಂದರೆ ಬರೀ ಸಾಗಾಟವಲ್ಲ. ಪುಸ್ತಕದಲ್ಲಿ ಬೇರೆಯವರ ಕೈಸೇರಿದ್ದ ಮಾತು ಅದರ ವಾರಸುದಾರರ ಬಾಯಿಗೆ ಮರಳಲು ಸಿಗುವ ಒಂದು ಅವಕಾಶ ಅದು.

ಮೂರು

ಈ ಅವಕಾಶವನ್ನು ನಮ್ಮ ರಂಗಭೂಮಿ ಹೇಗೆ ಬಳಸಿಕೊಂಡಿದೆ?

'ಚೋಮನ ದುಡಿ'ಯಿಂದ ಶುರುಮಾಡೋಣ. ಶಿವರಾಮ ಕಾರಂತರು ಅದನ್ನು ಬರೆದದ್ದು 1933ರಲ್ಲಿ. ಬೇಸಾಯ ಮಾಡಬೇಕು ಅನ್ನುವ ಒಂದೇ ಆಸೆಯ ಚೋಮನಿಗೆ ಭೂಮಿ ಸಿಗುವುದಿಲ್ಲ, ಯಾಕೆಂದರೆ ಅವನು ಹೊಲೆಯ. ಕಾರಂತರು ಕೇರಿಯವರಲ್ಲ, ಅವರದು ಹೊರಗಿನಿಂದ ಬಂದ ಕರುಣೆ, ಆದರೆ ಕಣ್ಣು ಚುರುಕು. 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದಾಗ ಅದಕ್ಕೆ ರಾಷ್ಟ್ರದ ಶ್ರೇಷ್ಠ ಚಿತ್ರ ಪ್ರಶಸ್ತಿ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಈ ಕತೆಯನ್ನು ಪುಟದಾಚೆಗೆ ಒಯ್ಯುವವರಿಗೆ ಕತೆಯೇ ಒಂದು ಉಪಾಯ ಕೊಟ್ಟಿದೆ, ಅದು ದುಡಿ. ಚೋಮನಿಗೆ ಹೇಳಲಾಗದ್ದನ್ನು ದುಡಿ ಹೇಳುತ್ತದೆ. ಕತೆ ಹೇಳುವವನು ಹೋದ ಜಾಗದಲ್ಲಿ ಚರ್ಮವಾದ್ಯವೊಂದು ಬಂದು ಕೂರುತ್ತದೆ. ಅದರ ಉಚ್ಚಾರ ಕೇಳಿ ಯಾರೂ ನಗುವುದಿಲ್ಲ.

'ಒಡಲಾಳ' ಕೇರಿಯ ಒಳಗಿನಿಂದಲೇ ಬಂದದ್ದು. ಅದನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದರು, ಉಮಾಶ್ರೀ ಸಾಕವ್ವನಾದರು. ಕನ್ನಡ ರಂಗಭೂಮಿಯಲ್ಲಿ ಜನ ಮರೆಯದೆ ಉಳಿಸಿಕೊಂಡ ಪಾತ್ರಗಳಲ್ಲಿ ಅದೂ ಒಂದು. ಈ ಕತೆ ರಂಗಕ್ಕೆ ಒಗ್ಗುವುದಕ್ಕೆ ಅದರ ಕಟ್ಟಡವೇ ಕಾರಣ. ಬಹುಪಾಲು ಒಂದು ಗುಡಿಸಲು, ಒಂದು ರಾತ್ರಿ, ಒಂದು ಸಂಸಾರ. ಸಾಹುಕಾರ ಎತ್ತಪ್ಪನ ಕಡಲೆಕಾಯಿ ಮೂಟೆ ಮನೆಗೆ ಬರುತ್ತದೆ. ಬೆಳಗಾಗುವಷ್ಟರಲ್ಲಿ ಅದು ಮನೆಮಂದಿಯ ಹೊಟ್ಟೆ ಸೇರುತ್ತದೆ. ಬೆಳಗ್ಗೆ ಪೊಲೀಸರು ಬರುತ್ತಾರೆ. ಹಸಿದ ಜನ ಒಂದು ರಾತ್ರಿ ಹೊಟ್ಟೆತುಂಬ ತಿನ್ನುವುದನ್ನು ಇಷ್ಟು ಸಾವಕಾಶವಾಗಿ, ಇಷ್ಟು ಸಂಭ್ರಮವಾಗಿ ಬರೆದದ್ದು ಕನ್ನಡದಲ್ಲಿ ಬೇರೆಲ್ಲಿದೆ? ಕಾನೂನು ಅದನ್ನು ಕಳವು ಅನ್ನುತ್ತದೆ, ಕತೆ ಅದನ್ನು ಹಬ್ಬ ಅನ್ನುತ್ತದೆ. ರಂಗದ ಮೇಲೆ ನಟರು ನಿಜವಾಗಿ ಕಡಲೆಕಾಯಿ ಸುಲಿದು ತಿನ್ನಬೇಕು. ಸಿಪ್ಪೆ ಒಡೆಯುವ ಸದ್ದು ಪ್ರೇಕ್ಷಕನಿಗೆ ಕೇಳಬೇಕು. ಆ ಸದ್ದು ಕೇಳುತ್ತಾ ಕೇಳುತ್ತಾ ಅವನಿಗೂ ಹಸಿವಾಗಬೇಕು, ಆಮೇಲೆ ಬೆಳಗಾದರೆ ಏನಪ್ಪಾ ಗತಿ ಅಂತ ಭಯವಾಗಬೇಕು. ಅಷ್ಟು ಹೊತ್ತಿಗೆ ಸಾಕವ್ವನ ಮಾತಿಗೆ ಅವನು ನಕ್ಕರೂ ಅದು ಅವಳ ಜೊತೆಗೆ ಕೂತು ನಕ್ಕ ನಗು. ಅದೇ ಮನೆಯಲ್ಲಿ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಿರುತ್ತಾಳೆ. ಹಸಿದ ಮನೆಯಲ್ಲಿ ಚೆಂದಕ್ಕೂ ಜಾಗ ಇದೆ ಅನ್ನುವುದನ್ನು ಮಾತಿಲ್ಲದೆ ಹೇಳುವ ಗೋಡೆ ಅದು. ಆ ಗೋಡೆಯನ್ನು ಬರೀ ಅಲಂಕಾರ ಅಂದುಕೊಂಡು ಸೀನರಿಯವನ ಕೈಗೆ ಬಿಟ್ಟರೆ ಮುಗಿಯಿತು.

ಇದೇ ಸಿಜಿಕೆ 'ಸಮುದಾಯ'ಕ್ಕಾಗಿ 'ಬೆಲ್ಚಿ' ಬೀದಿನಾಟಕವನ್ನೂ ಮಾಡಿದ್ದರು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ಕಗ್ಗೊಲೆಯನ್ನು ಕುರಿತದ್ದು. ಊರೂರು ತಿರುಗಿತು, ನಮ್ಮಲ್ಲಿ ಎಷ್ಟೋ ಜನರನ್ನು ಚಳವಳಿಗೆ ಎಳೆಯಿತು. ಬೀದಿನಾಟಕ ಕೊಲೆಗಾರ ಯಾರು ಅಂತ ಬೊಟ್ಟು ಮಾಡಿ ತೋರಿಸಬಲ್ಲದು, ಅದು ದೊಡ್ಡ ಕೆಲಸ. ಸತ್ತವನಿಗೆ ಒಂದು ಹುಂಜ ಇತ್ತು, ಅವನ ಮೊಮ್ಮಗಳು ನವಿಲು ಬರೆಯುತ್ತಿದ್ದಳು ಅಂತ ಹೇಳಲು ಅದಕ್ಕೆ ಪುರಸೊತ್ತಿಲ್ಲ. ಕತೆಗಳಿಂದ ನಾಟಕ ಮಾಡುವುದು ಚಳವಳಿಗೆ ಬೇಕಾಗಿರುವುದು ಇದಕ್ಕೆ. ಘೋಷಣೆ ಕೂಗುವವನಿಗೂ ಮನೆ ಇದೆಯಲ್ಲ, ಆ ಮನೆಯನ್ನು ರಂಗದ ಮೇಲೆ ಕಟ್ಟುವುದಕ್ಕೆ.

'ಕುಸುಮಬಾಲೆ' ಇನ್ನೂ ಮುಂದಕ್ಕೆ ಹೋಯಿತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯಲ್ಲಿ ಪಾತ್ರಗಳ ಮಾತಿಗೂ ಕತೆ ಹೇಳುವ ಮಾತಿಗೂ ನಡುವೆ ಗೋಡೆಯೇ ಇಲ್ಲ. ಹೇಳುವವನೂ ಕೇರಿಯವನೇ, ಅದೇ ಕನ್ನಡ. ಮನೆಮನೆಯ ದೀಪಗಳು ಜೋತಮ್ಮಗಳಾಗಿ ಕೂಡಿ ಮಾತಾಡುತ್ತವೆ. ಮಂಟೇಸ್ವಾಮಿ, ಮಾದೇಶ್ವರರ ಕತೆ ಹಾಡುವ ನೀಲಗಾರರ, ಗುಡ್ಡರ ಬನಿ ಅದರಲ್ಲಿದೆ. ಅದನ್ನು ಓದಲು ಕಷ್ಟ ಅಂತ ದೂರಿದವರು ಪುಸ್ತಕದ ಕನ್ನಡದಲ್ಲೇ ಹುಟ್ಟಿ ಬೆಳೆದವರು. ಸಿ. ಬಸವಲಿಂಗಯ್ಯ ಅದನ್ನು ರಂಗಕ್ಕೆ ತಂದರು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗರೂಪ ಮಾಡಿದಾಗ, 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇಡೀ ರಾತ್ರಿ ಅದನ್ನು ಆಡಿಸಿದವರೂ ಅವರೇ. ನಾಯಿಗುತ್ತಿ, ತಿಮ್ಮಿಯರ ಓಟ ಅಲ್ಲಿ ಗೌಡರ ಮನೆಯ ಮದುವೆಗಳಷ್ಟೇ ಮುಖ್ಯವಾಗಲು ಇಡೀ ರಾತ್ರಿ ಬೇಕೇ ಬೇಕು. ಎರಡು ಗಂಟೆಗೆ ಇಳಿಸಲು ಹೊರಟರೆ ಮೊದಲು ಕತ್ತರಿ ಬೀಳುವುದು ಯಾರ ಮೇಲೆ ಅಂತ ನಮಗೆ ಗೊತ್ತಿಲ್ಲವೇ? ರಂಗರೂಪ ಮಾಡುವವನ ರಾಜಕೀಯ ಅವನು ಏನು ಸೇರಿಸಿದ ಅನ್ನುವುದಕ್ಕಿಂತ ಏನು ಕತ್ತರಿಸಿದ ಅನ್ನುವುದರಲ್ಲಿ ಬೇಗ ಕಾಣುತ್ತದೆ.

ನಾಲ್ಕು

ಈಗ ನಮ್ಮ ಹಾಸನದ ಅಂಗಳಕ್ಕೆ ಬರೋಣ. ನಮ್ಮ ಜಿಲ್ಲೆಯ ಹಳ್ಳಿಗಳಿಗೆ ನಾಟಕ ಹೊಸದಲ್ಲ. ಹಬ್ಬ ಜಾತ್ರೆ ಬಂದರೆ 'ಕುರುಕ್ಷೇತ್ರ' ಆಗಲೇಬೇಕು. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ, ಬಾಡಿಗೆ ಸೀನರಿ ಬರುತ್ತದೆ, ಬೆಳಗಿನ ಜಾವದ ತನಕ ಕಂದ ಪದ್ಯ. ಗೇದು ಬಂದ ರೈತ ರಾತ್ರಿ ಭೀಮನಾಗುವ ಆ ಹುಮ್ಮಸ್ಸನ್ನು ನಾವು ಹೀಗಳೆಯುವುದಿಲ್ಲ. ಆದರೆ ಅಲ್ಲಿ ಪಾತ್ರಕ್ಕೆ ದರ ಇದೆ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು. ಯಾರ ಹತ್ತಿರ ಜಮೀನಿದೆಯೋ ಅವನ ತಲೆಗೆ ಕಿರೀಟ. ಭೂಮಿಯ ಹಂಚಿಕೆ ಹೇಗಿದೆಯೋ ಕಿರೀಟದ ಹಂಚಿಕೆಯೂ ಹಾಗೇ. ಇನ್ನು ಚಪ್ಪರ ಹಾಕುವುದು ಬಹಳ ಕಡೆ ದೇವಸ್ಥಾನದ ಮುಂದಿನ ಬಯಲಿನಲ್ಲಿ. 2015ರಲ್ಲಿ ನಮ್ಮದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದ ಒಳಕ್ಕೆ ಹೋದರೆಂದು ದಂಡ ಕೇಳಿದ ಸುದ್ದಿ ನಾಡಿಗೆಲ್ಲ ಗೊತ್ತಾಯಿತು. ಇಂಥ ಕಡೆ ದೇವಸ್ಥಾನದ ಮುಂದೆ ನಾಟಕ ಆಡಿದರೆ ಮುಂದಿನ ಸಾಲಿನಲ್ಲಿ ಯಾರು ಕೂರುತ್ತಾರೆ ಅನ್ನುವುದು ನಾಟಕ ಶುರುವಾಗುವ ಮುಂಚೆಯೇ ಬರೆದಿಟ್ಟ ಮೊದಲ ಅಂಕ. ಕೇಪ್‌ಟೌನಿನಲ್ಲಿ 1971ರಲ್ಲಿ ಸರ್ಕಾರ ಕಟ್ಟಿಸಿದ ದೊಡ್ಡ ನಾಟಕಮಂದಿರ ಬಿಳಿಯರಿಗೆ ಮಾತ್ರ ಆಗಿತ್ತು. ಎಲ್ಲರಿಗೂ ಬಾಗಿಲು ತೆರೆದದ್ದು 1975ರಲ್ಲಿ. ಅಲ್ಲಿ ಬೋರ್ಡು ಹಾಕಿದ್ದರು. ನಮ್ಮಲ್ಲಿ ಬೋರ್ಡೂ ಬೇಕಾಗಿಲ್ಲ.

ಹಾಸನದ ಹಳ್ಳಿಯನ್ನು ಕನ್ನಡಕ್ಕೆ ಪ್ರೀತಿಯಿಂದ ಪರಿಚಯಿಸಿದವರು ಗೊರೂರು ರಾಮಸ್ವಾಮಿ ಅಯ್ಯಂಗಾರ್. ಅವರ ಕತೆಯಿಂದ 1974ರಲ್ಲಿ 'ಭೂತಯ್ಯನ ಮಗ ಅಯ್ಯು' ಸಿನಿಮಾ ಬಂದು ಜನ ಮುಗಿಬಿದ್ದು ನೋಡಿದರು. ಗೊರೂರರ ಹಾಸ್ಯಕ್ಕೆ ವಿಷವಿಲ್ಲ, ಅವರ ಗಾಂಧಿನಿಷ್ಠೆ ನಿಜವಾದದ್ದು. ಆದರೂ ಅವರ ಊರು ಜಗುಲಿಯ ಮೇಲಿಂದ ಕಂಡ ಊರು. ಜಗುಲಿಯಿಂದ ಹೊಳೆ ಕಾಣುತ್ತದೆ, ಬೀದಿ ಕಾಣುತ್ತದೆ. ಕೇರಿ ದೂರದ ಹೊಗೆಯಂತೆ ಕಾಣುತ್ತದೆ. ಮುಂದೆ ದೂರದರ್ಶನದಲ್ಲಿ ಬಂದ 'ಮಾಲ್ಗುಡಿ ಡೇಸ್' ಕೂಡ ಸಣ್ಣ ಊರನ್ನು ಒಂದು ಸವಿ ನೆನಪು ಮಾಡಿ ಮನೆಮನೆಗೆ ಹಂಚಿತು. ಇಂಥ ಕತೆಗಳನ್ನು ನಾಟಕ ಮಾಡಬಾರದು ಅಂತ ನಾವು ಹೇಳುವುದಿಲ್ಲ. ಮಾಡುವವರು ಆ ಹೊಗೆಯ ಹತ್ತಿರಕ್ಕೂ ಒಂದು ಸಲ ಹೋಗಿಬರಲಿ ಅನ್ನುತ್ತೇವೆ. ಜಗುಲಿಯ ಮಾತನ್ನು ಕೇರಿಯವನೊಬ್ಬ ನಿಂತು ಕೇಳಿಸಿಕೊಳ್ಳುತ್ತಿದ್ದಾನೆ ಅಂತ ರಂಗದ ಮೇಲೆ ತೋರಿಸಿದರೂ ಸಾಕು, ಅದೇ ಮಾತಿನ ಅರ್ಥ ತಿರುಗುತ್ತದೆ.

ಐದು

ಬಾನು ಮುಷ್ತಾಕರ 'ಕರಿ ನಾಗರಗಳು' ಕತೆಯನ್ನು ತೆಗೆದುಕೊಳ್ಳೋಣ. ಗಂಡ ಬಿಟ್ಟ ಹೆಂಗಸು, ಹೆಣ್ಣುಮಕ್ಕಳೇ ಹುಟ್ಟಿದವು ಅನ್ನುವುದು ಅವನ ನೆಪ. ಕಾಯಿಲೆ ಬಿದ್ದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅವಳು ಮಸೀದಿಯ ಅಂಗಳಕ್ಕೆ ಬಂದು ಮುತವಲ್ಲಿಯನ್ನು ನ್ಯಾಯ ಕೇಳುತ್ತಾಳೆ. ನ್ಯಾಯ ಸಿಗುವುದಿಲ್ಲ, ಕೂಸು ಉಳಿಯುವುದಿಲ್ಲ. ಕೊನೆಗೆ ಬೀದಿಯ ಹೆಂಗಸರು ಮುತವಲ್ಲಿಯನ್ನು ನೋಡುವ ನೋಟವೇ ಬದಲಾಗುತ್ತದೆ. 2004ರಲ್ಲಿ ಗಿರೀಶ ಕಾಸರವಳ್ಳಿ ಇದನ್ನು 'ಹಸೀನಾ' ಸಿನಿಮಾ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸಿನಿಮಾಕ್ಕೆ ಮುಖದ ಹತ್ತಿರ ಹೋಗುವ ಕ್ಯಾಮರಾ ಇದೆ. ಶಾಲೆಯ ಅಂಗಳದಲ್ಲಿ ನಾಟಕ ಆಡುವ ನಮಗೆ ಏನಿದೆ?

ಮೊದಲ ಅಪಾಯ ಮಾತಿನದು. ಹಾಸನದ ಮುಸ್ಲಿಂ ಮನೆಗಳಲ್ಲಿ ಒಳಗೆ ದಖನಿ ಉರ್ದು, ಹೊರಗೆ ಕನ್ನಡ. ಬಾನು ಬರೆಯುವ ಕನ್ನಡದಲ್ಲಿ ಎರಡೂ ಒಂದನ್ನೊಂದು ಮುಟ್ಟುತ್ತವೆ. ಜಮಾತು, ಮೆಹರ್, ಮುತವಲ್ಲಿ ಎಲ್ಲ ಕನ್ನಡದ ಪದಗಳಾಗಿಯೇ ಬರುತ್ತವೆ. ಇದನ್ನು ನಟ 'ನಮ್ದುಕೆ' ಮಾಡಿದ ಕ್ಷಣ ತಾಯಿಯ ದುಃಖ ಜೋಕಾಗುತ್ತದೆ. ಅದನ್ನು ತಪ್ಪಿಸಲು ಪುಸ್ತಕದ ಕನ್ನಡಕ್ಕೆ 'ತಿದ್ದಿದರೆ' ಅದೂ ಕೊಲೆಯೇ. ಆ ಬೀದಿಯ ಹೆಂಗಸರ ಮುಂದೆ ಕೂತು ಮಾತು ಕಲಿಯಬೇಕು. ಬೇರೆ ದಾರಿ ಇಲ್ಲ.

ಎರಡನೆಯ ಅಪಾಯ ಇನ್ನೂ ದೊಡ್ಡದು. ಮಸೀದಿಗೆ ಹೋಗುವ ಹಕ್ಕು ಹೆಂಗಸರಿಗೂ ಇದೆ ಅಂದದ್ದಕ್ಕೆ 2000ದಲ್ಲಿ ಬಾನು ಅವರನ್ನು ಅವರ ಸಮುದಾಯದ ಮುಖಂಡರೇ ಬಹಿಷ್ಕರಿಸಿದ್ದರು. 2025ರ ಸೆಪ್ಟೆಂಬರಿನಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದಾಗ, ಮುಸ್ಲಿಂ ಹೆಂಗಸು ಹೇಗೆ ಉದ್ಘಾಟಿಸುತ್ತಾಳೆ ಅಂತ ಸುಪ್ರೀಂ ಕೋರ್ಟಿನವರೆಗೆ ಹೋದವರಿದ್ದರು. ಕೋರ್ಟು ಅದನ್ನು ತಳ್ಳಿಹಾಕಿತು. ಮೊದಲು ಒಳಗಿನವರು ಹೊರಗಿಟ್ಟರು, ಆಮೇಲೆ ಹೊರಗಿನವರು ಒಳಗೆ ಬಿಡಲಿಲ್ಲ. ಈ ಎರಡರ ನಡುವೆ ನಿಂತು ಬರೆದ ಕತೆಯನ್ನು ಇವತ್ತು ಹಿಂದೂ ಪ್ರೇಕ್ಷಕರೇ ತುಂಬಿದ ಅಂಗಳದಲ್ಲಿ ಆಡಿದರೆ, 'ನೋಡ್ರಪ್ಪಾ, ಅವರ ಜನ ಹೆಂಗೆ!' ಅಂತ ಖುಷಿಪಟ್ಟು ಮನೆಗೆ ಹೋಗುವವರು ಇರುತ್ತಾರೆ. ಹೆಂಗಸಿನ ಕಣ್ಣೀರು ಇನ್ನೊಬ್ಬರ ದ್ವೇಷಕ್ಕೆ ಗೊಬ್ಬರ ಆಗಬಾರದು. ಹಾಗಂತ ಮುತವಲ್ಲಿಯನ್ನು ಮೆತ್ತಗೆ ಮಾಡಿದರೆ ಕತೆಗೆ ದ್ರೋಹ.

ಹಾಗಾದರೆ ದಾರಿ? ಮುತವಲ್ಲಿಯನ್ನು ನೋಡಿದಾಗ ಬೂವನಹಳ್ಳಿಯ ಪ್ರೇಕ್ಷಕನಿಗೆ ತನ್ನ ಊರಿನ ಪಂಚಾಯ್ತಿ ಕಟ್ಟೆ ನೆನಪಾಗಬೇಕು. ನ್ಯಾಯ ಕೇಳಿ ಬಂದ ಹೆಣ್ಣನ್ನು ನಾಳೆ ಬಾ ಅಂತ ಕಳಿಸಿದ ಯಜಮಾನರು ಎಲ್ಲ ಜಾತಿಯಲ್ಲೂ ಇದ್ದಾರೆ. ಜೀವನಾಂಶ ಕೇಳಿ ಕೋರ್ಟಿನ ಮೆಟ್ಟಿಲ ಮೇಲೆ ಕೂತಿರುವವರಲ್ಲಿ ಎಲ್ಲ ಧರ್ಮದ ಹೆಂಗಸರಿದ್ದಾರೆ. ಇದನ್ನು ಭಾಷಣ ಮಾಡಿ ಹೇಳಬೇಕಾಗಿಲ್ಲ. ಬೀದಿಯ ಹೆಂಗಸರನ್ನೇ ಕತೆ ಹೇಳುವ ಮೇಳ ಮಾಡಬೇಕು. ಮೊದಲಿಂದ ಕೊನೆಯ ತನಕ ಅವರು ರಂಗದ ಮೇಲೇ ಇರಲಿ. ನೀರು ಹಿಡಿಯುತ್ತಾ, ಬೀಡಿ ಕಟ್ಟುತ್ತಾ, ಅಕ್ಕಿ ಆರಿಸುತ್ತಾ ನೋಡುತ್ತಿರಲಿ, ಕತೆ ಹೇಳುತ್ತಿರಲಿ. ಆ ಮೇಳದಲ್ಲಿ ಕೇರಿಯ ಹೆಣ್ಣುಮಕ್ಕಳೂ, ಗೌಡರ ಮನೆಯ ಹೆಣ್ಣುಮಕ್ಕಳೂ, ಸಾಬರ ಹೆಣ್ಣುಮಕ್ಕಳೂ ತಂತಮ್ಮ ಮನೆಮಾತಿನಲ್ಲೇ ಆಡಲಿ. ಆಗ ಕತೆ ಹೇಳುವವಳ ಮಾತೂ ಪಾತ್ರದ ಮಾತೂ ಒಂದೇ ಮಟ್ಟಕ್ಕೆ ಬರುತ್ತವೆ. ನಗುವವನಿಗೆ ನಗಲು ಜಾಗವಿರುವುದಿಲ್ಲ, ಖುಷಿಪಡಲು ಬಂದವನಿಗೆ ತನ್ನ ಅಕ್ಕತಂಗಿಯರೇ ಎದುರಿಗೆ ಕಾಣುತ್ತಾರೆ.

ಕತೆ ಕೈಗೆತ್ತಿಕೊಳ್ಳುವ ಗೆಳೆಯರಿಗೆ, ಮೇಷ್ಟ್ರುಗಳಿಗೆ ನಮ್ಮದು ಕೆಲವು ಮಾತು. ಬದುಕಿರುವ ಲೇಖಕರ ಕತೆಯಾದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ. ಕತೆಯನ್ನು ಹತ್ತು ಜನ ಕೂತು ಗಟ್ಟಿಯಾಗಿ ಓದಿ. ಎಲ್ಲಿ ಓದುವವನ ದನಿ ತಾನಾಗಿ ತಗ್ಗುತ್ತದೋ ಅಲ್ಲಿ ಊರು ಬಚ್ಚಿಟ್ಟದ್ದು ಇರುತ್ತದೆ, ಅದನ್ನು ಕತ್ತರಿಸಬೇಡಿ. ಕೊನೆಗೆ ಬಂದು ಎಲ್ಲರನ್ನೂ ಉದ್ಧಾರ ಮಾಡುವ ಓದಿದ ಯುವಕನನ್ನು ಹೊಸದಾಗಿ ಹುಟ್ಟಿಸಬೇಡಿ. ಇಪ್ಪತ್ತು ದೃಶ್ಯ, ಇಪ್ಪತ್ತು ಸಲ ಕತ್ತಲೆ ಬೇಡ. ಹಳ್ಳಿಯಲ್ಲಿ ಕರೆಂಟೇ ಆ ಕೆಲಸ ಮಾಡುತ್ತದೆ. ಸೀನರಿಗೆ ಕೊಡುವ ದುಡ್ಡನ್ನು ತಾಲೀಮಿಗೆ ಬರುವ ಕೂಲಿ ಹೆಣ್ಣುಮಕ್ಕಳ ಆ ದಿನದ ಕೂಲಿಗೆ ಕೊಡಿ. ನೆಲದ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದರೆ ಊರು ಯಾವುದು ಕೇರಿ ಯಾವುದು ಅಂತ ನಮ್ಮ ಜನಕ್ಕೆ ಗೊತ್ತಾಗುತ್ತದೆ, ಯಾವ ಪಾತ್ರ ಯಾವಾಗ ಅದನ್ನು ದಾಟುತ್ತದೆ ಅಂತ ಅವರು ಉಸಿರು ಬಿಗಿಹಿಡಿದು ನೋಡುತ್ತಾರೆ. ಪಾತ್ರಕ್ಕೆ ದರ ಕಟ್ಟಬೇಡಿ.

ಮೊದಲ ಪ್ರದರ್ಶನ ಕೇರಿಯಲ್ಲಿ ಆಗಲಿ. ನೋಡಬೇಕಾದ ಊರಿನವರು ಆ ಸುಣ್ಣದ ಗೆರೆ ದಾಟಿ ಅಲ್ಲಿಗೆ ಬರಲಿ, ಚಾಪೆಯ ಮೇಲೆ ಎಲ್ಲರ ಜೊತೆ ಕೂರಲಿ. ಎಷ್ಟು ಜನ ಬಂದರು, ಎಲ್ಲಿ ಕೂತರು, ಯಾವ ಮಾತಿಗೆ ನಕ್ಕರು ಅಂತ ಒಬ್ಬ ಹುಡುಗ ಬರೆದಿಟ್ಟುಕೊಳ್ಳಲಿ. ಮರುದಿನದ ತಾಲೀಮು ಆ ಚೀಟಿಯಿಂದಲೇ ಶುರುವಾಗಲಿ.